ಅಜ್ಜಪ್ಪನ ಮೇಲಿನ ತುಂಬಿನ ಪದ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬೆಳಿಗ್ಗೆ ಗೋದಾಮಿನ ಶಟರ್ ಎತ್ತಿದರೆ ಸಾಕು, ಘಾಟು ಬಂದು ಮೂಗಿಗೆ ಬಡಿಯುತ್ತದೆ. ಗುಮಾಸ್ತನ ಕಣ್ಣಲ್ಲೂ ನೀರು, ಹಮಾಲನ ಕಣ್ಣಲ್ಲೂ ನೀರು, ಖರೀದಿಗೆಂದು ಪರವೂರಿಂದ ಬಂದ ವ್ಯಾಪಾರಿಯ ಪಾಡಂತೂ ಕೇಳಲೇಬೇಡಿ. ಹಾಗಾಗಿ ಗಂಡ ಸತ್ತ ಮೇಲೆ ಮತ್ತೆ ಕೆಲಸಕ್ಕೆ ಬಂದ ಫಕ್ಕೀರವ್ವ ದಿನವಿಡೀ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರೂ, ಯಾಕವ್ವಾ ಅಂತ ಒಬ್ಬರೂ ಕೇಳಿರಲಿಲ್ಲ.

ಶಂಭುಲಿಂಗ ಎಂಬ ಗುಮಾಸ್ತ ನೋಡಿಕೊಳ್ಳುವ ಆ ಗೋದಾಮಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ತೊಟ್ಟಿಗೆ ಅವರ ಬಾಯಲ್ಲಿ ತುಂಬು ಎಂದು ಹೆಸರು. ಕಾಯಿ ಒಂದು ಕಡೆ, ತುಂಬು ಇನ್ನೊಂದು ಕಡೆ. ಕೈ ತನ್ನ ಪಾಡಿಗೆ ಓಡುತ್ತದೆ, ಬಾಯಿ ಖಾಲಿ ಇರುತ್ತದೆ. ಖಾಲಿ ಬಾಯಿ ಸುಮ್ಮನಿರುವುದುಂಟೇ? ಪದ ಹಾಡುತ್ತಾರೆ. ಪದ ಎಂದರೆ ಏನೋ ದೊಡ್ಡ ಕವಿತೆ ಎಂದು ತಿಳಿಯಬೇಡಿ. ನಾಲ್ಕು ಸಾಲು ಇರುತ್ತವೆ, ಮೂರಕ್ಕೆ ಮಾನ ಇರುವುದಿಲ್ಲ, ನಾಲ್ಕನೆಯದಕ್ಕೆ ಮರ್ಯಾದೆಯೂ ಇರುವುದಿಲ್ಲ. ಒಬ್ಬಳು ಪಕ್ಕದವಳ ಗಂಡನನ್ನೋ ಅತ್ತೆಯನ್ನೋ ಹೆಸರು ಹಿಡಿದು ಎಳೆದು, ಅವರ ಗುಟ್ಟನ್ನೆಲ್ಲ ಬಯಲಿಗೆ ಹಾಕಿ, ಸಾಲೆಲ್ಲ ಕೆಮ್ಮುವಂತೆ ನಗಿಸುತ್ತಾಳೆ. ಪದ ಬಿದ್ದವಳು ಉತ್ತರ ಕೊಡದೆ ಮನೆಗೆ ಹೋಗುವಂತಿಲ್ಲ. ಸಿಟ್ಟಾಗುವಂತೆಯೂ ಇಲ್ಲ. ಇದಕ್ಕೆ ತುಂಬಿನ ಪದ ಅನ್ನುತ್ತಾರೆ.

ಯಾಕೆ ಹಾಗನ್ನುತ್ತಾರೆ ಎಂದು ಶಂಭುಲಿಂಗನನ್ನು ಕೇಳಿದರೆ, "ತುಂಬು ಬಿಡಸೂ ಮುಂದ ಹಾಡತಾರ, ತುಂಬಿನ ಪದ. ಅದರಾಗೇನೈತಿ?" ಅನ್ನುತ್ತಾನೆ. ಹಮಾಲರು ಅವನಿಗಿಂತ ಒಂದು ಹೆಜ್ಜೆ ಮುಂದೆ. ತುಂಬಿಗೆ ಬೆಲೆ ಇಲ್ಲ, ಕಿತ್ತು ಒಗೆಯುವುದು, ಈ ಹೆಂಗಸರ ಪದವೂ ಅಷ್ಟೇ ಎನ್ನುತ್ತಾರೆ. ಹಾಗೆನ್ನುತ್ತಲೇ ಬಾಗಿಲಲ್ಲಿ ನಿಂತು ಕಿವಿಗೊಡುತ್ತಾರೆ, ಅದು ಬೇರೆ ಮಾತು. ಆದರೆ ಸಾಲಿನವರು ಒಪ್ಪಿದ್ದು ಅವರ ಜೊತೆಗೇ ತುಂಬು ಬಿಡಿಸುವ ಜಾಹೀದಾಳ ಅತ್ತೆಯ ಮಾತನ್ನು. ಆ ಮುದುಕಿ ಬದುಕಿರುವವರೆಗೆ ಸಾಲಿನ ಮೊದಲ ಜಾಗ ಅವಳದು. "ಕಾಯಿ ಗಿಡಕ್ಕ ಜೋತು ಬಿದ್ದಿರೂದು ತುಂಬಿನಿಂದ. ಹೆಣ್ಣಮಗಳು ಸಂಸಾರಕ್ಕ ಜೋತು ಬಿದ್ದಿರೂದೂ ಯಾರನ್ನರ ಹಿಡಕೊಂಡs. ಗಂಡನ್ನೋ, ಅತ್ತೀನೋ, ಮಗನ್ನೋ. ಅಲ್ಲೇ ಹಿಡದು ಎಳೀಬೇಕು. ಅದಕ್ಕ ತುಂಬಿನ ಪದ," ಎಂದು ಅವಳು ಹೇಳುತ್ತಿದ್ದಳು.

ಈ ಮಾತಿಗೆ ಇನ್ನೊಂದು ಮಗ್ಗಲಿತ್ತು, ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಿಡಿದುಕೊಳ್ಳಲು ಯಾರೂ ಇಲ್ಲದವಳ ಮೇಲೆ ಪದ ಇಲ್ಲ.

ಅಜ್ಜಪ್ಪ ಇದ್ದಾಗ ಫಕ್ಕೀರವ್ವನಿಗೆ ಇದರ ಚಿಂತೆ ಇರಲಿಲ್ಲ. ಅದೇ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ಅವಳ ಗಂಡನಷ್ಟು ಪದಕ್ಕೆ ಒದಗಿಬಂದ ಗಂಡಸು ಇಡೀ ಬ್ಯಾಡಗಿಯಲ್ಲಿ ಇರಲಿಲ್ಲ. ಹೊಟ್ಟೆ ಮುಂದೆ, ಧೋತರ ಹಿಂದೆ, ಎರಡರ ನಡುವೆ ಸದಾ ಜಗಳ. ಚೀಲ ಎತ್ತಿದಾಗಲೆಲ್ಲ ಧೋತರ ಇಳಿಯುತ್ತಿತ್ತು. ನಿದ್ದೆಯಲ್ಲಿ ಗೊರಕೆ, ಎಚ್ಚರದಲ್ಲಿ ಗೊಣಗಾಟ. ಜಾಹೀದಾ ಅವನ ಮೇಲೆ ಕಟ್ಟಿದ ಒಂದು ಪದವಂತೂ ರೈಲ್ವೆ ಸ್ಟೇಷನ್ನಿನ ಚಹಾ ಅಂಗಡಿಯವರೆಗೂ ಹೋಗಿತ್ತು:

ಅಜ್ಜಪ್ಪನ ಗೊರಕಿಗಿ ಗ್ವಾಡಿ ನಡಗ್ಯಾವ
ಟೇಸನ್ನಿನಾಗ ಗಂಟಿ ತಾವs ಬಡದಾವ
ರೈಲು ಬಂತಂತ ಮಂದಿ ಓಡ್ಯಾರ
ಫಕ್ಕೀರವ್ವನ ಬಾಗಲದಾಗ ಟಿಕೀಟ ಕೇಳ್ಯಾರ

ಅಜ್ಜಪ್ಪ ಬೆನ್ನ ಮೇಲೆ ಚೀಲ ಹೊತ್ತುಕೊಂಡೇ ಬಾಗಿಲಲ್ಲಿ ನಿಂತು ಇದನ್ನು ಪೂರ್ತಿ ಕೇಳಿ, "ಥೂ ನಿಮ್ಮ, ನಾಚಿಕಿಲ್ಲದವ್ರs" ಎಂದು ಉಗಿದು ಹೋಗುತ್ತಿದ್ದ. ಪದ ಬರದ ದಿನ ಮನೆಯಲ್ಲಿ ರೊಟ್ಟಿ ಮುರಿಯುತ್ತ, "ಇವತ್ತೇನು ಜಾಹೀದಾಗ ಮೈಯಾಗ ಆರಾಮಿರಲಿಲ್ಲೇನ?" ಎಂದು ಕೇಳುತ್ತಿದ್ದ. ಇಷ್ಟು ಪ್ರೀತಿಯಿಂದ ಮರ್ಯಾದೆ ಕಳೆದುಕೊಂಡವನನ್ನು ನಾನಂತೂ ಬೇರೆ ಕಂಡಿಲ್ಲ.

ಫಕ್ಕೀರವ್ವ ಮಾತ್ರ ಆ ಹೆಸರನ್ನು ಬಾಯಲ್ಲಿ ತಂದವಳಲ್ಲ. ಗಂಡನ ಹೆಸರು ಹೇಳಬಾರದು ಎಂದು ಕುಪ್ಪೇಲೂರಿನಲ್ಲಿ ಅವಳ ತಾಯಿ ಹೇಳಿಕೊಟ್ಟಿದ್ದಳು, ಅವಳು ಪಾಲಿಸಿದ್ದಳು. ಮದುವೆಯ ದಿನ ಹಿರಿಯರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಬರುವ ಒಡಪು ಹೇಳಿಸಿದಾಗ ಒಂದು ಸಲ ಅಂದದ್ದು, ಅದೂ ಸೆರಗು ಬಾಯಿಗೆ ಒತ್ತಿ ಹಿಡಿದು. ಆಮೇಲೆಲ್ಲ "ಏನ್ರೀ", "ಕೇಳ್ರಿಲ್ಲೆ", ಸಿಟ್ಟು ಬಂದಾಗ "ಈ ಮನಷ್ಯಾ". ಅವಳಿಗೆ ಗಂಡನ ಹೆಸರು ಎಂದರೆ ಬೇರೆ ಹೆಂಗಸರ ಬಾಯಲ್ಲಿ, ಪೋಲಿ ಪದದ ನಡುವೆ ಕೇಳುವ ಸಂಗತಿ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಜ್ಜಪ್ಪ ಚೀಲ ಇಳಿಸಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಜಾಹೀದಾಳ ಗಂಡ ದಾದಾಪೀರ ತನ್ನ ಟೆಂಪೋದಲ್ಲಿ ಹಾಕಿಕೊಂಡು ಹಾವೇರಿ ದವಾಖಾನೆಗೆ ಓಡಿಸಿದ. ಯಾವಾಗಲೂ ಹಿಂದಿನಿಂದ ದೂಕಿಸಿಕೊಂಡೇ ಹೊರಡುವ ಆ ಟೆಂಪೋ ಅವತ್ತು ಒಂದೇ ಸಲಕ್ಕೆ ಶುರುವಾಯಿತು. ಆದರೂ ಅಜ್ಜಪ್ಪ ಹಾವೇರಿ ಮುಟ್ಟಲಿಲ್ಲ.

ಸತ್ತಿದ್ದೇ ತಡ, ಅಜ್ಜಪ್ಪ ಒಮ್ಮೆಲೇ ಒಳ್ಳೆಯವನಾಗಿಬಿಟ್ಟ. ಮಾತಾಡಿಸಲು ಬಂದವರೆಲ್ಲ ದೇವರಂಥಾ ಮನುಷ್ಯ ಅಂದರು. ರಾಣೆಬೆನ್ನೂರಿನಿಂದ ಫಕ್ಕೀರವ್ವನ ತಂಗಿ ಮೀನಾಕ್ಷಿ ಫೋನು ಮಾಡಿದಾಗಲೆಲ್ಲ "ಮಾಮಾ ಶಾಂತ ಸ್ವಭಾವ, ಒಂದಿನ ದನಿ ಎತ್ತರಿಸಿದವರಲ್ಲ" ಅನ್ನುತ್ತಿದ್ದಳು. ಫಕ್ಕೀರವ್ವನಿಗೆ ಇವರೆಲ್ಲ ಯಾರ ಬಗ್ಗೆ ಮಾತಾಡುತ್ತಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ. ಅವಳು ಬಾಳುವೆ ಮಾಡಿದ್ದು ದೇವರ ಜೊತೆಗಲ್ಲ. ಗೊಣಗುವ, ಗೊರಕೆ ಹೊಡೆಯುವ, ಧೋತರ ಜಾರುವ ಒಬ್ಬ ಗಂಡಸಿನ ಜೊತೆಗೆ. ಅವನ ಸುದ್ದಿಯನ್ನು ಒಬ್ಬರೂ ತೆಗೆಯುತ್ತಿರಲಿಲ್ಲ. ಅವನ ಹೆಸರನ್ನೂ ಒಬ್ಬರೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳಿಲ್ಲ, ಅತ್ತೆ ಮಾವ ಹೋಗಿ ಎಷ್ಟೋ ಕಾಲವಾಗಿತ್ತು.

ಹೊಸ ಕಾಯಿ ಪೇಟೆಗೆ ಬರುವ ಹೊತ್ತಿಗೆ ಅವಳು ಮತ್ತೆ ಸಾಲಿನಲ್ಲಿ ಕೂತಳು. ಮನಸ್ಸಿನಲ್ಲಿ ಒಂದೇ ಆಸೆ ಇತ್ತು. ಸಾಲಿನಲ್ಲಿ ಪದ ಏಳುತ್ತದೆ, ಒಬ್ಬೊಬ್ಬರ ಮೇಲೆ ಬೀಳುತ್ತ ಬೀಳುತ್ತ ತನ್ನತನಕ ಬರುತ್ತದೆ, ಜಾಹೀದಾ "ಅಜ್ಜಪ್ಪ" ಎಂದು ದನಿ ಎತ್ತುತ್ತಾಳೆ.

ಪದ ಎದ್ದಿತು, ಬೀಳುತ್ತ ಬೀಳುತ್ತ ಬಂದಿತು. ಫಕ್ಕೀರವ್ವನ ಪಕ್ಕದವಳ ಮೇಲೆ ಬಿತ್ತು, ಆಮೇಲೆ ಅವಳನ್ನು ದಾಟಿ ಆಚೆಯವಳ ಮೇಲೆ ಬಿತ್ತು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಅವಳ ಹತ್ತಿರ ಬಂದಾಗ ನಗೆ ತುಸು ತಗ್ಗುತ್ತಿತ್ತು, ದಾಟಿದ ಮೇಲೆ ಮತ್ತೆ ಏರುತ್ತಿತ್ತು. ಎಲ್ಲರೂ ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದರು. ನೀರಿನ ತಂಬಿಗೆ ಮೊದಲು ಅವಳಿಗೆ ಕೊಡುತ್ತಿದ್ದರು, ನೆರಳಿನ ಜಾಗ ಬಿಟ್ಟುಕೊಡುತ್ತಿದ್ದರು. ಆ ಒಳ್ಳೆಯತನದ ನಡುವೆ ಅವಳು ಒಬ್ಬಳೇ ಕೂತಿದ್ದಳು. ನನ್ನ ಗಂಡನನ್ನು ಬೈಯಿರೇ ಎಂದು ಯಾವ ಬಾಯಿಯಿಂದ ಕೇಳುವುದು?

ಒಂದು ದಿನ ತಾಳಲಾರದೆ ಅವಳೇ ಮೊದಲು ಪದ ಎಸೆದಳು. ಎಸೆದದ್ದು ಜಾಹೀದಾಳ ಮೇಲೆ. ಸಾಲಿನಲ್ಲಿ ಅವಳಷ್ಟು ಚುರುಕು ನಾಲಿಗೆ ಬೇರೆ ಇರಲಿಲ್ಲ, ಚುಚ್ಚಿದರೆ ಬಿಡುವವಳೂ ಅಲ್ಲ.

ದೂಕಿದರ ಟೆಂಪೋ ಹೊಂಡತೈತಿ
ಒದ್ದರ ದಾದಾಪೀರ ಏಳತಾನ
ಟೆಂಪೋ ಹಿಂದಿಂದ ಹೊಗಿ ಬಿಡತೈತಿ
ದಾದಾಪೀರ ಬ್ಯಾರೆ ಎಲ್ಲಿಂದ ಬಿಡತಾನ?

ಸಾಲು ಬಿದ್ದು ಬಿದ್ದು ನಕ್ಕಿತು. ಜಾಹೀದಾ ಕೂಡ ನಕ್ಕಳು. ಉತ್ತರಕ್ಕೆಂದು ಬಾಯಿ ತೆರೆದಳು. ಫಕ್ಕೀರವ್ವನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಜಾಹೀದಾಳ ತುಟಿಯ ಮೇಲೆ 'ಅ' ಎಂಬುದು ಬಂದಿತ್ತು, ಫಕ್ಕೀರವ್ವ ಕಣ್ಣಾರೆ ಕಂಡಳು. ಅಷ್ಟರಲ್ಲಿ ಜಾಹೀದಾಳ ಮುಖ ಸಣ್ಣದಾಯಿತು. ಅದೇ ಟೆಂಪೋ, ಅದೇ ಹಾವೇರಿ ದಾರಿ ಅವಳಿಗೂ ನೆನಪಾಗಿರಬೇಕು. "ಇವತ್ತ ಗಂಟಲ ಕಟ್ಟೇತಿ ಯವ್ವಾ, ನೀನs ಗೆದ್ದಿ," ಎಂದು ತಲೆ ತಗ್ಗಿಸಿ ತುಂಬು ಬಿಡಿಸತೊಡಗಿದಳು.

ಗೆದ್ದದ್ದಕ್ಕೆ ಫಕ್ಕೀರವ್ವನಿಗೆ ಅವತ್ತು ಆದಷ್ಟು ದುಃಖ ಸೋತವರಿಗೂ ಆಗಿರಲಾರದು. ಕಣ್ಣೊರೆಸಿಕೊಂಡಳು. ಘಾಟು ಜೋರಿತ್ತು, ಯಾರೂ ನೋಡಲಿಲ್ಲ.

ಮುಂದಿನ ಸಂತೆಯ ದಿನ ಹಲಗೇರಿಯಿಂದ ಸುಧಾರಾಣಿ ಎಂಬ ಹೊಸ ಹೆಂಗಸು ಕೆಲಸಕ್ಕೆ ಬಂದಳು. ಚಿಕ್ಕ ವಯಸ್ಸು, ಹೊಸದಾಗಿ ಮದುವೆಯಾದವಳು, ಮೊಬೈಲಿನಲ್ಲಿ ಗಂಡನ ಫೋಟೋ ಇಟ್ಟುಕೊಂಡು ಐದು ನಿಮಿಷಕ್ಕೊಮ್ಮೆ ನೋಡುವವಳು. ಮೊದಲ ಗಳಿಗೆಯಲ್ಲೇ ಘಾಟಿಗೆ ಸೀನಿ ಸೀನಿ ಸುಸ್ತಾದಳು. ಶಂಭುಲಿಂಗ ಅವಳನ್ನು ಫಕ್ಕೀರವ್ವನ ಪಕ್ಕಕ್ಕೆ ಕೂರಿಸಿ, ಕೆಲಸ ಕಲಿಸು ಎಂದು ಹೇಳಿ ಹೋದ.

ಫಕ್ಕೀರವ್ವ ಕಲಿಸಿದಳು. ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುವುದು, ಕಣ್ಣಿಗೆ ಕೈ ತಾಗಿಸದಿರುವುದು, ಕಾಯಿ ಮುರಿಯದಂತೆ ತುಂಬು ಕೀಳುವುದು, ಎಲ್ಲ ಹೇಳಿಕೊಟ್ಟಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸುಧಾರಾಣಿ, "ಯಕ್ಕಾ, ಮುಂಜಾನಿ ಎಲ್ಲಾರೂ ಹಾಡಿದರಲ್ಲ, ನನ್ನ ಮ್ಯಾಲೂ ಕಟ್ಯಾರ. ನಾನೂ ಯಾರ ಮ್ಯಾಲರ ಕಟ್ಟಬೇಕೇನ?" ಎಂದಳು.

"ಕಟ್ಟಬೇಕು. ಇಲ್ಲಂದ್ರ ನಿನ್ನ ಸಾಲಿನಾಗ ಕೂಡಸೂದಿಲ್ಲ."

"ನನಗ ಯಾರ ಗುರ್ತೂ ಇಲ್ಲಲ್ಲ. ನಿಮ್ಮ ಮನ್ಯಾವರು ಏನ ಮಾಡತಾರ?"

ಆಗ ಫಕ್ಕೀರವ್ವ ಏನು ಮಾಡಿದಳೆಂದರೆ, ರೊಟ್ಟಿಯ ತುಣುಕನ್ನು ಕೈಯಲ್ಲೇ ಹಿಡಿದು ಆಚೆ ಈಚೆ ನೋಡಿದಳು. ಜಾಹೀದಾ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ಉಳಿದವರು ದೂರದಲ್ಲಿ ಕೂತಿದ್ದರು. "ಹಮಾಲಿ ಮಾಡತಾರ," ಎಂದುಬಿಟ್ಟಳು. ಸುಳ್ಳು ಬಾಯಿಂದ ಹೊರಬಿದ್ದ ಕೂಡಲೇ ಎದೆ ಹಗುರಾಯಿತು. ಗಂಡ ಇದ್ದಾನೆ, ಹಮಾಲಿ ಮಾಡುತ್ತಾನೆ. ಎಷ್ಟು ಸಲೀಸಾದ ಮಾತು.

"ಹ್ಯಾಂಗದಾರ?"

"ಏನ ಹೇಳಲೆವ್ವಾ! ಹೊಟ್ಟಿ ನೋಡಿದರ ಎರಡು ಚೀಲ. ದಿನಾ ಅಷ್ಟು ಚೀಲಾ ಹೊರತಾರ, ಹಲ್ಲಿ ಕಂಡರ ಜೀವಾ ಬಿಡತಾರ. ಗ್ವಾಡಿ ಮ್ಯಾಲ ಹಲ್ಲಿ ಲೊಚಗುಟ್ಟಿತಂದ್ರ ಮುಗೀತು, ಕೌದಿ ಎಳಕೊಂಡು ನನ್ನ ಬೆನ್ನ ಹಿಂದ." ಫಕ್ಕೀರವ್ವನ ಮಾತು ನಿಲ್ಲಲೇ ಇಲ್ಲ. ಇಷ್ಟು ದಿನ ಗಂಟಲಲ್ಲಿ ಕಟ್ಟಿಕೊಂಡದ್ದೆಲ್ಲ ಬಂದಿತು. ಉಪ್ಪು ಕಡಿಮೆಯಾದರೆ ಮೂತಿ ತಿರುವುವುದು, ಕದ್ದು ಬೆಲ್ಲ ತಿನ್ನುವುದು, ಜ್ವರ ಬಂದರೆ ಸತ್ತೇ ಹೋದೆ ಎಂದು ಊರು ಕೂಡಿಸುವುದು. ಸುಧಾರಾಣಿ ನಕ್ಕು ನಕ್ಕು ನೀರು ಕುಡಿದಳು. "ಸಾಕಬಿಡ್ರಿ, ಹಲ್ಲಿ ಒಂದs ಸಾಕು. ಹೆಸರೇನ್ರಿ?"

ಅಲ್ಲಿ ಗಾಡಿ ನಿಂತಿತು. ಸುಳ್ಳು ಹೇಳಲು ಬಂದ ಬಾಯಿಗೆ ಹೆಸರು ಹೇಳಲು ಬರಲಿಲ್ಲ. "ಹೆಸರ ಹೇಳಬಾರದಲ್ಲ," ಎಂದಳು.

"ಮತ್ತ ಪದ ಹ್ಯಾಂಗ ಕಟ್ಟಲಿ?"

"ಅಪ್ಪನ ಅಪ್ಪಗ ಏನಂತಾರ?"

"ಅಜ್ಜ."

"ಅದಕ್ಕ ನಿಮ್ಮಪ್ಪನ್ನ ಕೂಡಸು."

"ಅಜ್ಜ... ಅಪ್ಪ. ಅಜ್ಜಪ್ಪ!" ಎಂದು ಸುಧಾರಾಣಿ ಚಪ್ಪಾಳೆ ತಟ್ಟಿದಳು. ಇಷ್ಟು ದಿನಗಳ ಮೇಲೆ ಆ ಹೆಸರು, ನಗುತ್ತಿರುವ ಬಾಯಿಂದ ಬಂದಿತ್ತು. ಫಕ್ಕೀರವ್ವನ ಬುತ್ತಿಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಹೊತ್ತು ಇಳಿಯುವ ಮುಂದೆ ಪದ ಎದ್ದಿತು. ಸಾಲಿನಲ್ಲಿ ಸುತ್ತಿ ಹೊಸಬಳ ಪಾಳಿ ಬಂದಾಗ ಎಲ್ಲರೂ "ಹೂಂ, ಹಲಗೇರಿಯಾಕಿ, ಬರಲಿ" ಎಂದು ಹುರಿದುಂಬಿಸಿದರು. ಸುಧಾರಾಣಿ ಸೆರಗು ಸಿಗಿಸಿಕೊಂಡು, ನಾಚುತ್ತ, ಆಮೇಲೆ ನಾಚಿಕೆ ಬಿಟ್ಟು ಹಾಡಿದಳು:

ಅಜ್ಜಪ್ಪ ಚೀಲಾ ಹೊರತಾನ
ಹುಲಿಯಂಗ ಎದಿ ಸೆಟದ ಹೊಂಡತಾನ
ಗ್ವಾಡಿ ಮ್ಯಾಲ ಹಲ್ಲಿ ಕಂಡರ
ಫಕ್ಕೀರವ್ವನ ಸೀರ್ಯಾಗ ಹೊಗತಾನ

ಒಬ್ಬರೂ ನಗಲಿಲ್ಲ. ಕೈಗಳೆಲ್ಲ ನಿಂತವು. ಬಾಗಿಲಲ್ಲಿ ಚೀಲ ಇಳಿಸುತ್ತಿದ್ದ ಹಮಾಲನೊಬ್ಬ ಒಳಗೆ ನೋಡಿ, ತಲೆ ತಗ್ಗಿಸಿ ಹೊರಗೆ ಹೋದ. ಜಾಹೀದಾ ಎದ್ದು ನಿಂತಿದ್ದಳು.

"ಏ ಹುಡುಗಿ, ನಾಲಿಗಿ ಸೀಳತೇನಿ! ಸತ್ತವರ ಮ್ಯಾಲ ಪದ ಕಟ್ಟತೀಯಾ? ಅಕಿ ಗಂಡ ಹೋಗಿ ಇನ್ನಾ ವರ್ಷಾಗಿಲ್ಲ!"

ಸುಧಾರಾಣಿಯ ಮುಖ ಬಿಳಿಚಿತು. ಅವಳು ಫಕ್ಕೀರವ್ವನ ಕಡೆ ತಿರುಗಿದಳು. "ಯಕ್ಕಾ... ನೀವs ಹೇಳಿದಿರಲ್ಲ? ಹಮಾಲಿ ಮಾಡತಾರ ಅಂದಿರಲ್ಲ?" ಎಂದವಳು ಅಳತೊಡಗಿದಳು. ಅದು ಘಾಟಿನ ಅಳುವಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಸಾಲೆಲ್ಲ ಫಕ್ಕೀರವ್ವನನ್ನು ನೋಡಿತು. ಇಷ್ಟು ದಿನ ದಾಟಿಹೋಗುತ್ತಿದ್ದ ಕಣ್ಣುಗಳೆಲ್ಲ ಒಟ್ಟಿಗೇ ಅವಳ ಮೇಲೆ ಬಿದ್ದವು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹುಡುಗಿ ತಪ್ಪು ತಿಳಿದುಕೊಂಡಳು ಎಂದು ಒಂದು ಮಾತು ಅಂದಿದ್ದರೆ ತನ್ನ ಮಾನ ಉಳಿಯುತ್ತಿತ್ತು. ಹೊಸಬಳ ಮಾತನ್ನು ಯಾರು ನಂಬುತ್ತಿದ್ದರು? ಆದರೆ ಹುಡುಗಿ ಬಿಕ್ಕುತ್ತಿದ್ದಳು. ಮೇಲಾಗಿ ಆ ಹೆಸರು ಗೋದಾಮಿನ ಗಾಳಿಯಲ್ಲಿ ಇನ್ನೂ ಇತ್ತು. ಈಗ ತಾನು ಸುಳ್ಳು ಹೇಳಿದರೆ ಅದು ಅಲ್ಲಿಗೇ ಮುಗಿಯುತ್ತದೆ, ಇನ್ನೆಂದೂ ಯಾರೂ ಅದನ್ನು ಎತ್ತುವುದಿಲ್ಲ. ಇದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

"ಅಕೀಗೆ ಬೈಬ್ಯಾಡ ಜಾಹೀದಾ. ನಾನs ಹೇಳಿಕೊಟ್ಟೇನಿ," ಎಂದಳು. "ನೀವ್ಯಾರೂ ಕಟ್ಟವಲ್ಲಿರಿ. ಇನ್ನೇನ ಮಾಡಲಿ?"

ಜಾಹೀದಾ ಹುಡುಗಿಯ ಕಡೆಗೊಮ್ಮೆ, ಫಕ್ಕೀರವ್ವನ ಕಡೆಗೊಮ್ಮೆ ನೋಡಿದಳು.

"ಕುಂದ್ರು. ಪದಾ ಬಿದ್ದೈತಿ, ಉತ್ತರಾ ಕೊಡಬೇಕು," ಎಂದು ಫಕ್ಕೀರವ್ವ ಮಡಿಲಲ್ಲಿದ್ದ ತುಂಬುಗಳನ್ನು ಕೊಡವಿದಳು. ಯಾರೂ ತನ್ನವರ ಮೇಲೆ ತಾನೇ ಪದ ಕಟ್ಟಿದ್ದಿಲ್ಲ. ಯಾವ ಹೆಂಗಸೂ ಸಾಲಿನಲ್ಲಿ ಗಂಡನ ಹೆಸರು ಹಿಡಿದಿದ್ದಿಲ್ಲ. ಮದುವೆಯ ದಿನದಂತೆ ಸೆರಗು ಬಾಯಿಗೆ ಹೋಯಿತು, ಅವಳು ಅದನ್ನು ಕೆಳಗೆ ಎಳೆದಳು. ದನಿ ಒಡೆದಿತ್ತು, ರಾಗ ಸರಿಯಿರಲಿಲ್ಲ.

ಹಲ್ಲಿಗಂಜಿ ಸೀರಿ ಹೊಕ್ಕ ಅಜ್ಜಪ್ಪ ನನ ಗಂಡ
ಹಲ್ಲಿ ಹೋದರೂ ಹೊರಗ ಬರಲಿಲ್ಲ, ಅಂವ ಎಂಥಾ ಭಂಡ
ಈಗ ಗ್ವಾಡಿ ತುಂಬ ಹಲ್ಲಿ ಅದಾವ, ಲೊಚಗುಟ್ಟಾಕ ಹತ್ಯಾವ
ಅಂಜೂ ಗಂಡಸು ಎಲ್ಲಿ ಹೋದ, ಸೀರಿ ಖಾಲಿ ಕುಂತಾವ

ಎರಡನೆಯ ಸಾಲಿಗೆ ಯಾರೋ ಒಬ್ಬರು ಪುಸಕ್ಕನೆ ನಕ್ಕರು. ತಡೆಯಲಾರದೆ ಇನ್ನೊಬ್ಬರೂ ನಕ್ಕರು. ನಾಲ್ಕನೆಯ ಸಾಲು ಮುಗಿದಾಗ ನಕ್ಕವರೇ ಸೆರಗು ಹುಡುಕುತ್ತಿದ್ದರು. ಜಾಹೀದಾ ಎಲ್ಲರಿಗಿಂತ ತಡವಾಗಿ ನಕ್ಕಳು, ಎಲ್ಲರಿಗಿಂತ ಹೆಚ್ಚು ಹೊತ್ತು ಅತ್ತಳು.

"ಯಾ ಅಲ್ಲಾ, ನಾ ಎಷ್ಟ ಪದಾ ನುಂಗೀನಿ ಗೊತ್ತೈತೇನ ನಿನಗ?" ಎಂದಳು ಮೂಗು ಏರಿಸುತ್ತ. "ದಿನಾ ಒಂದು ಬರತೈತಿ. ಬರತೈತಿ, ನಿನ್ನ ಮಾರಿ ನೋಡತೇನಿ, ನುಂಗತೇನಿ. ನಿನಗ ನೋವಾಗತೈತಿ ಅಂತ."

"ನೋವಾಗಲಿ ಬಿಡು," ಎಂದಳು ಫಕ್ಕೀರವ್ವ.

ಸುಧಾರಾಣಿ ಮೂಗು ಒರೆಸಿಕೊಳ್ಳುತ್ತ, ಹಾಗಾದರೆ ಸತ್ತವರ ಮೇಲೂ ಕಟ್ಟಬಹುದೇ ಎಂದು ಮೆಲ್ಲಗೆ ಕೇಳಿದಳು. ತನ್ನ ತಲೆಯ ಮೇಲೆ ಬಂದ ಸಿಡಿಲು ಎಲ್ಲಿಗೆ ಹೋಯಿತು ಎಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಜಾಹೀದಾ ರಾಶಿಯಿಂದ ತುಂಬು ಬಿಡಿಸಿದ ಒಂದು ಕಾಯಿ ಎತ್ತಿಕೊಂಡು ಅವಳ ಮೂಗಿನ ಹತ್ತಿರ ಹಿಡಿದಳು. ತುಂಬು ಇದ್ದ ಜಾಗದಲ್ಲಿ ಒಂದು ಸಣ್ಣ ತೂತು ಇತ್ತು.

"ಮೂಸು."

ಸುಧಾರಾಣಿ ಮೂಸಿ ಗಪ್ಪನೆ ಸೀನಿದಳು.

"ತುಂಬು ಇದ್ದ ಕಾಯಿ ಇಷ್ಟು ಘಾಟು ಕೊಡೂದಿಲ್ಲ. ಕಿತ್ತ ಜಾಗದಿಂದನs ಬರತೈತಿ. ಪದಾನೂ ಹಂಗs. ನಮ್ಮತ್ತಿ ಅರ್ಧಾ ಹೇಳಿ ಹೋದಳು," ಎಂದು ಜಾಹೀದಾ ಕಾಯಿಯನ್ನು ರಾಶಿಗೆ ಎಸೆದಳು. ಅವತ್ತಿನಿಂದ ಆ ಸಾಲಿನಲ್ಲಿ ತುಂಬಿನ ಪದ ಎಂದರೇನು ಎಂದು ಹೊಸಬರು ಕೇಳಿದರೆ, ಅತ್ತೆಯ ಮಾತಿನ ಜೊತೆ ಸೊಸೆಯ ಮಾತನ್ನೂ ಸೇರಿಸಿ ಹೇಳುತ್ತಾರೆ.

ಶಂಭುಲಿಂಗ ಬಂದು, "ಹೊತ್ತಾತು, ಲಗೂ ಏಳ್ರಿ" ಎಂದು ಕೂಗಿದ. ಹೆಂಗಸರು ಸೀರೆ ಕೊಡವಿಕೊಂಡು ಎದ್ದರು. ಬಾಗಿಲಲ್ಲಿ ಜಾಹೀದಾ ಫಕ್ಕೀರವ್ವನ ತೋಳು ಹಿಡಿದಳು. "ನಾಳೆ ಮೊದಲನೇ ಪದಾ ಅಜ್ಜಪ್ಪಂದು. ಧೋತರದ್ದು ಕಟ್ಟೇನಿ. ಭಾಳ ಹೊಲಸೈತಿ, ಈಗs ಹೇಳೇನಿ."

"ಹೊಲಸs ಇರಲಿ. ಛಲೋದು ಹೇಳಾವ್ರು ಊರಾಗ ಭಾಳ ಮಂದಿ ಅದಾರ."

ಮನೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಫಕ್ಕೀರವ್ವ ಕೀಲಿ ತೆಗೆದು ಒಳಗೆ ಹೋಗಿ, ಕೈಕಾಲು ಸೋಪು ಹಚ್ಚಿ ತೊಳೆದಳು, ಘಾಟು ಹಿಡಿದ ಸೀರೆ ಬದಲಿಸಿ ಹೊರಗೆ ಒಣಹಾಕಿದಳು. ನಾಳೆ ಧೋತರದ ಪದಕ್ಕೆ ಉತ್ತರ ಕೊಡಬೇಕಲ್ಲ ಎಂದು ಯೋಚಿಸುತ್ತ ಒಲೆ ಹಚ್ಚಿದಳು. ಯೋಚಿಸಿದಷ್ಟೂ ಗಂಡನ ಕೆಟ್ಟ ಚಾಳಿಗಳು ಒಂದೊಂದಾಗಿ ಒಳಗೆ ಬಂದು ಕೂತವು. ದೇವರಂಥಾ ಮನುಷ್ಯ ಹೊರಗೇ ಉಳಿದ. ಒಬ್ಬಳಿಗೆ ಬೇಕಾದಷ್ಟೇ ಹಿಟ್ಟು ಕಲಸುವಾಗ, ಗೋಡೆಯ ಮೇಲೆ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು.

ಅವಳು ತಲೆ ಎತ್ತಿ ನೋಡಿದಳು. ನಗು ಬಂತು. "ಅಜ್ಜಪ್ಪಾ, ಬಂತ ನೋಡ ನಿನ್ನ ವೈರಿ," ಎಂದು ಗಟ್ಟಿಯಾಗಿ ಕರೆದಳು. ಮದುವೆಯ ದಿನದ ಒಡಪು ಬಿಟ್ಟರೆ, ಆ ಮನೆಯಲ್ಲಿ ಅವಳ ದನಿಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು.

ಯಾರೂ ಓಡಿ ಬರಲಿಲ್ಲ. ಫಕ್ಕೀರವ್ವ ಹಿಟ್ಟಿನ ಕೈಯಲ್ಲೇ ಕೂತು ಅತ್ತಳು. ಅಲ್ಲಿ ಮೆಣಸಿನಕಾಯಿಯ ಘಾಟು ಇರಲಿಲ್ಲ.